ತೀನ್ ಕಂದೀಲ್ ಚಾಚಾ, ನನ್ನ ಹಳೇ ಆಂಪ್ ಮತ್ತು ಎರಡು ಬಕೆಟ್ ನೀರು

ಹೊಸ ಸ್ಪೀಕರ್ ತಂದು ಬರೆಯುತ್ತಿರುವ ರಿವ್ಯೂ ಅಲ್ಲ ಇದು. ರಾಯಚೂರಿನ ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ ಅರ್ಧ ಶಟರ್ ಅಗಲದ ಅಂಗಡಿ ಇಟ್ಟುಕೊಂಡಿರುವ ಒಬ್ಬ ರಿಪೇರಿಯವರಿದ್ದಾರೆ. ಅವರು ನಮ್ಮ ಮನೆಗೆ ಬಂದು ಹಾಡಿನ ಸೆಟ್ಟಿನ ವೈರು, ಪ್ಲಗ್ಗು, ಜಾಯಿಂಟು ಎಲ್ಲ ನೋಡಿಕೊಟ್ಟರು. ಆ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ. ಇರುವ ಗಿರಾಕಿಗಳನ್ನೇ ಸಂಭಾಳಿಸೋಕೆ ಆಗುತ್ತಿಲ್ಲವಂತೆ. ಓಣಿಯವರೆಲ್ಲ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ 32 ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಮನೆ ರಾಜೇಂದ್ರ ಗಂಜ್ ಕಡೆ. ಹತ್ತಿ ಸೀಸನ್ ಬಂತೆಂದರೆ ಲಾರಿಗಳು ಸಾಲುಗಟ್ಟುತ್ತವೆ, ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡುತ್ತದೆ. ಕಿಟಕಿ ಹಾಕಿದರೂ ಒಳಗೆ ಬರುತ್ತದೆ, ಟೀವಿ ಹಿಂದೆ ಕೂರುತ್ತದೆ, ಆಂಪ್‌ನ (ಹಾಡಿನ ದನಿ ಏರಿಸುವ ಆಂಪ್ಲಿಫೈಯರ್‌ನ) ಮೇಲಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯ ಮಾತು ಬೇರೆ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಇನ್ಸುಲೇಷನ್ ಟೇಪಿನ ಅಂಟು ಕರಗಿ ಗೋಡೆಗೆ ಇಳಿದಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಕಥೆಯಲ್ಲಿ ಧೂಳು ಮತ್ತು ಬಿಸಿಲು ಎರಡಕ್ಕೂ ಪಾತ್ರ ಇದೆ.

ಸೆಟ್ ಹಳೆಯದು. 1999ರಲ್ಲಿ ಅರಿಯರ್ಸ್ ದುಡ್ಡು ಕೈಗೆ ಬಂದಾಗ ಹೈದರಾಬಾದಿಗೆ ಹೋಗಿ ತಂದ ಸ್ಟೀರಿಯೋ ಆಂಪ್. ಚಾನೆಲ್‌ಗೆ 40 ವಾಟ್. ಜೊತೆಗೆ 8 ಓಮ್‌ನ ಎರಡು ಸ್ಪೀಕರ್. ಬಸ್ಸಿನಲ್ಲಿ ಆಂಪ್ ಅನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ, ಕಾಲು ಜೋಮು ಹಿಡಿದಿತ್ತು. ಬೆಳಿಗ್ಗೆ ಐದೂವರೆಗೆ ಸಣ್ಣ ದನಿಯಲ್ಲಿ ದಾಸರ ಪದ ಹಾಕಿಕೊಳ್ಳುವುದು ನನ್ನ ಅಭ್ಯಾಸ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಓಡಾಡಿದ ಸೀಮೆ ನಮ್ಮದು, ಆ ಪದಗಳಿಲ್ಲದೆ ಬೆಳಗಾಗುವುದಿಲ್ಲ. ರಾತ್ರಿ ಹಿಂದೂಸ್ತಾನಿ. ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ಹಾಡಿಕೆ ಸಿಕ್ಕಿದರಂತೂ ಊಟ ತಡವಾದರೂ ಪರವಾಗಿಲ್ಲ.

ಈ ಸೆಟ್ಟಿಗೆ ಕೆಲವು ವರ್ಷದಿಂದ ನಾಲ್ಕು ರೋಗ. ಮೊದಲನೆಯದು, ಬೆಳಿಗ್ಗೆ ಸಣ್ಣ ದನಿಯಲ್ಲಿ ಹಾಕಿದರೆ ಎಡಗಡೆ ಸ್ಪೀಕರ್ ಮಾತೇ ಆಡುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಒಮ್ಮೆ 'ಟಪ್' ಅಂತ ಬರುತ್ತಿತ್ತು. ಅಷ್ಟೊತ್ತಿಗೆ ಸೊಸೆ ಎದ್ದು ಕೂರುತ್ತಿದ್ದಳು. ಎರಡನೆಯದು ಗುಂಯ್ ಎನ್ನುವ ಸದ್ದು, ಹಾಡು ನಿಂತರೂ ನಿಲ್ಲದ್ದು. ಮೂರನೆಯದು, ವಾಲ್ಯೂಮ್ ತಿರುಗಿಸಿದರೆ ಹಪ್ಪಳ ಮುರಿದಂತೆ ಚರಪರ. ನಾಲ್ಕನೆಯದನ್ನು ನಾನು ರೋಗ ಅಂತಲೇ ತಿಳಿದಿರಲಿಲ್ಲ. ತಬಲಾ ಜೋಡಿಯ ದಪ್ಪ ದನಿಯ ಡಗ್ಗಾ ಸಪ್ಪೆಯಾಗಿತ್ತು. ವಯಸ್ಸಾಯಿತಲ್ಲ, ಕಿವಿ ಹೋಗಿದೆ ಅಂದುಕೊಂಡು ಸುಮ್ನಿದ್ದೆ.

ಒಂದು ಶೋರೂಮಿಗೆ ಹೋಗಿ ಕೇಳಿದೆ. ಹುಡುಗ ಫೋನಿನಲ್ಲಿ ಫೋಟೋ ನೋಡಿ, 'ಅಂಕಲ್, ಇದನ್ನ ಎಕ್ಸ್‌ಚೇಂಜ್‌ಗೂ ಯಾರೂ ತಗೊಳಲ್ಲ' ಅಂದ. ಹೊಸ ಸೆಟ್ಟಿಗೆ 38,000 ರೂಪಾಯಿ ಬರೆದ ಚೀಟಿ ಕೊಟ್ಟ. ಮಗ ಬೆಂಗಳೂರಿನಿಂದ ಫೋನ್ ಮಾಡಿ ಸೌಂಡ್‌ಬಾರ್ ಕಳಿಸುತ್ತೇನೆ ಅಂದ. ಮನೆಯವಳು ಒಂದೇ ಮಾತು ಹೇಳಿದಳು: 'ಆ ರೊಕ್ಕದಾಗ ಮ್ಯಾಲಿನ ರೂಮಿಗೆ ಏಸಿ ಬರ್ತೈತ್ರೀ.' ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ಚಾಚಾರ ಅಂಗಡಿ ತೋರಿಸಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಗೋಡೆಗೆ ಹೊಟ್ಟೆ ಬಿಚ್ಚಿದ ರೇಡಿಯೋ, ಟೇಪ್ ರೆಕಾರ್ಡರ್. ಸೋಲ್ಡರ್ ಹೊಗೆಯ ವಾಸನೆ. ಪಕ್ಕದ ಅಂಗಡಿಯವರ ಜೊತೆ ಉರ್ದು, ಗಿರಾಕಿ ಜೊತೆ ಕನ್ನಡ, ಗದ್ವಾಲ ಕಡೆಯವರು ಬಂದರೆ ತೆಲುಗು. ನಾನು ಆಂಪ್ ತರಲಾ ಅಂದೆ. 'ಮಶೀನ್ ತರಬ್ಯಾಡ್ರಿ ಮಾಸ್ತರ. ರೋಗ ಮಶೀನಿಗಿ ಐತೋ ಅದರ ನರಕ್ಕ, ವೈರಿಗಿ ಐತೋ ಇಲ್ಲಿ ಕುಂತು ಹ್ಯಾಂಗ ಗೊತ್ತಾಗ್ತೈತಿ? ಮನೀಗಿ ಬರ್ತೀನಿ. ಏನೂ ಬಿಚ್ಚಬ್ಯಾಡ್ರಿ, ಇದ್ದದ್ದು ಇದ್ದಂಗ ಇರಲಿ.' ಭಾನುವಾರ ಬರುತ್ತೇನೆ ಅಂದವರು ಬುಧವಾರ ಬಂದರು. ಫೋನ್ ಮಾಡಿದಾಗಲೆಲ್ಲ 'ದಾರಿಯಾಗ ಇದೀನ್ರಿ' ಅನ್ನುತ್ತಿದ್ದರು. ಮೂರು ದಿನದ ದಾರಿ.

ಬಂದವರು ಸೆಟ್ ಮುಟ್ಟಲೇ ಇಲ್ಲ. ಪ್ಲಗ್ಗುಗಳ ಮೇಲೆ ಕೈ ಇಡುತ್ತಾ ಹೋದರು, ಜ್ವರ ನೋಡುವವರಂತೆ. ನಮ್ಮದು ಐದು ಸಾಕೆಟ್ಟಿನ ಒಂದು ಎಕ್ಸ್‌ಟೆನ್ಷನ್ ಬಾಕ್ಸ್. ಆಂಪ್, ಟೀವಿ, ಸೆಟ್‌ಟಾಪ್ ಬಾಕ್ಸ್, ಸಿಡಿ ಪ್ಲೇಯರ್, ಐದನೆಯದು ಅಡುಗೆಮನೆಯಲ್ಲಿ ಜಾಗವಿಲ್ಲದೆ ಹಾಲಿಗೆ ಬಂದ ಫ್ರಿಜ್. ಒಂದು ಪ್ಲಗ್ಗಿನ ಮೇಲೆ ಅವರ ಕೈ ನಿಂತಿತು. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದರು. ಬೆಚ್ಚಗಿತ್ತು. 'ಬಿಸಿ ಆತು ಅಂದ್ರ ಸಡಲ್ ಐತಿ ಅಂತ ಲೆಕ್ಕ.' ಪ್ಲಗ್ ಕಿತ್ತು ತೋರಿಸಿದರು. ಹಿತ್ತಾಳೆ ಪಿನ್ನಿನ ಒಂದು ಮಗ್ಗುಲು ಕಪ್ಪಗೆ ಸುಟ್ಟಿತ್ತು. ಸಾಕೆಟ್ಟಿನೊಳಗೆ ಪಿನ್ನನ್ನು ಎರಡೂ ಕಡೆಯಿಂದ ಹಿಡಿಯುವ ಪತ್ತಿ ಇರುತ್ತದಲ್ಲ, ಅದು ಹಿಡಿತ ಬಿಟ್ಟಿತ್ತು. ಹಿಡಿತ ಸಡಿಲಾದರೆ ತಾಗುವ ಜಾಗ ಕಡಿಮೆ, ಅಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ತಡೆ, ಓಮ್ ಲೆಕ್ಕದಲ್ಲಿ ಅಳೆಯುವುದು) ಜಾಸ್ತಿ. ಕರೆಂಟ್ ಹರಿದಾಗ ಅಲ್ಲೇ ಬಿಸಿ ಹುಟ್ಟುತ್ತದೆ. ಬಿಸಿಗೆ ಪತ್ತಿ ಇನ್ನೂ ಸಡಿಲಾಗುತ್ತದೆ. ಎಂಟನೇ ಕ್ಲಾಸಿನಲ್ಲಿ ಚಕ್ರಬಡ್ಡಿ ಕಲಿಸುವಾಗ ಈ ಉದಾಹರಣೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಇದೆ. ನಮ್ಮ ಮನೆಯ 40 ವಾಟ್ ಆಂಪ್‌ಗೆ ನೆಟ್ಟಗೆ ಒಂದು ಪ್ಲಗ್ ಇರಲಿಲ್ಲ.

ಬಾಕ್ಸ್ ಬದಲಾಯಿತು. ಫ್ರಿಜ್ಜಿಗೆ ಗೋಡೆಯ ಬೇರೆ ಸಾಕೆಟ್ ಕೊಟ್ಟರು. ಆಮೇಲೆ ಆಂಪ್‌ನ ಪ್ಲಗ್ ಬಿಚ್ಚಿದರು. ಆಗ ಅವರ ಮುಖ ಕೆಂಪಾಯಿತು. ಮೂರು ಪಿನ್ನಿನ ಪ್ಲಗ್ಗಿನೊಳಗೆ ದಪ್ಪ ಪಿನ್ನಿನ ಹಸಿರು ವೈರು ಕತ್ತರಿಸಿ ಹಿಂದಕ್ಕೆ ಮಡಚಿಟ್ಟಿತ್ತು. ನೆನಪಾಯಿತು. ನಾಲ್ಕು ವರ್ಷದ ಹಿಂದೆ ಒಬ್ಬ ಎಲೆಕ್ಟ್ರಿಶಿಯನ್ ಗುಂಯ್ ಸದ್ದು ಕಡಿಮೆ ಮಾಡಿಕೊಡುತ್ತೇನೆ ಅಂತ ಏನೋ ಮಾಡಿದ್ದ, ಸದ್ದೂ ಒಂಚೂರು ಇಳಿದಿತ್ತು. ಅಲ್ಲಿಂದ ಮುಂದೆ ಬರಿಗಾಲಲ್ಲಿ ಆಂಪ್‌ನ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಹಳೇ ಮಶೀನು, ಹಾಗೇ ಇರುತ್ತೆ ಅಂದುಕೊಂಡಿದ್ದೆ. ಚಾಚಾ ಟೆಸ್ಟರ್ ತಗುಲಿಸಿದರು, ಬಾಡಿಯ ಮೇಲೆ ಮಿಣುಕು ದೀಪ ಹತ್ತಿತು. 'ಮಾಸ್ತರ, ಮೊಮ್ಮಗ ಮುಟ್ತಾನಲ್ಲ ಇದನ್ನ?' ಅಂದರು. ನಾನು ಮಾತಾಡಲಿಲ್ಲ.

ಅರ್ಥ್ ವೈರು ಹಾಡಿಗಾಗಿ ಇರುವುದಲ್ಲ, ನಮ್ಮ ಜೀವಕ್ಕಾಗಿ ಇರುವುದು. ಒಳಗಿನ ಫೇಸ್ ವೈರು ಎಲ್ಲಾದರೂ ಬಾಡಿಗೆ ತಾಗಿದರೆ ಕರೆಂಟ್ ಅರ್ಥ್‌ನಲ್ಲಿ ಜೋರಾಗಿ ಹರಿದು ಫ್ಯೂಸ್ ಹೋಗಬೇಕು. ಆ ದಾರಿ ಕತ್ತರಿಸಿಟ್ಟರೆ ಮುಟ್ಟಿದವರ ಮೈಯೇ ದಾರಿ. ಗುಂಯ್ ಸದ್ದಿಗೆ ಅರ್ಥ್ ಕಿತ್ತುಕೊಡುವವರು ನಿಮ್ಮ ಮನೆಗೂ ಬಂದಿರಬಹುದು. ಪ್ಲಗ್ ಬಿಚ್ಚಿಸಿ ನೋಡಿ.

ಅರ್ಥ್ ವೈರು ಜೋಡಿಸಿದ ಮೇಲೆ ಚಾಚಾ, ಮನೆಯ ಅರ್ಥ್ ಎಲ್ಲಿದೆ ತೋರಿಸಿ ಅಂದರು. ಹಿತ್ತಲಲ್ಲಿ ಇರಬೇಕು. ಹುಡುಕಿದರೆ ಅದರ ಮೇಲೆ ಮನೆಯವಳ ಬಟ್ಟೆ ಒಗೆಯುವ ಕಲ್ಲು! ನಲ್ಲಿ ಬೇರೆ ಕಡೆ ಹೋಗಿ ವರ್ಷಗಳಾಗಿದ್ದವು, ಕಲ್ಲು ಮಾತ್ರ ಅಲ್ಲೇ ಉಳಿದಿತ್ತು. ಕಲ್ಲು ಸರಿಸಿದರೆ ಒಣಗಿ ಬಿರುಕು ಬಿಟ್ಟ ಮಣ್ಣು, ತುಕ್ಕು ಹಿಡಿದ ಪೈಪು, ಪೈಪಿಗೆ ಸುತ್ತಿದ್ದ ಕ್ಲ್ಯಾಂಪ್ ಕೈಗೇ ಬಂತು. ಮನೆ ಕಟ್ಟಿಸುವಾಗ ಉಪ್ಪು, ಇದ್ದಿಲು ಹಾಕಿಸಿ ಗುಂಡಿ ತೋಡಿಸಿದ್ದು ನಾನೇ. ಆಮೇಲೆ ಒಂದು ಚೊಂಬು ನೀರು ಹಾಕಿದ್ದು ನೆನಪಿಲ್ಲ.

ಅವರು ಒಂದು ಟೆಸ್ಟ್ ಲ್ಯಾಂಪ್ ತಂದಿದ್ದರು. ಫೇಸ್‌ಗೂ ನ್ಯೂಟ್ರಲ್‌ಗೂ ಹಚ್ಚಿದರೆ ಬಲ್ಬು ಬೆಳ್ಳಗೆ ಉರಿಯಿತು. ಫೇಸ್‌ಗೂ ಅರ್ಥ್‌ಗೂ ಹಚ್ಚಿದರೆ ಒಲೆಯ ಕೊನೆಯ ಕೆಂಡದಂತೆ ಕೆಂಪಗೆ, ಮಂದ. ಇದನ್ನು ನೀವು ಮನೆಯಲ್ಲಿ ಮಾಡಬೇಡಿ, ಆ ಹೊತ್ತಿನಲ್ಲಿ ಮನೆಯ ಅರ್ಥ್ ಲೈನಿಗೆಲ್ಲ ಕರೆಂಟ್ ಬರುತ್ತದೆ. ನನಗೂ ದೂರ ನಿಲ್ಲಲು ಹೇಳಿದ್ದರು. ಹೊಸ ಕ್ಲ್ಯಾಂಪ್, ಹೊಸ ಬೋಲ್ಟ್. ಪೈಪಿನ ತುಕ್ಕು ಕೆರೆದು ಬಿಗಿದರು. 'ಈಗ ನೀರು ಕುಡಿಸ್ರಿ ಅದಕ್ಕ' ಅಂದರು. ಎರಡು ಬಕೆಟ್ ಹಾಕಿದೆ. ಮೊದಲ ಬಕೆಟ್ ಅನ್ನು ಭೂಮಿ ಸದ್ದು ಮಾಡುತ್ತಾ ಹೀರಿಕೊಂಡಿತು. ಒಂದು ತಾಸು ಬಿಟ್ಟು ನೋಡಿದರೆ ಬಲ್ಬು ಹೆಚ್ಚುಕಮ್ಮಿ ಬೆಳ್ಳಗೇ ಉರಿಯಿತು. ಈಗ ಬೇಸಿಗೆಯಲ್ಲಿ ಭಾನುವಾರಕ್ಕೊಂದು ಬಕೆಟ್ ಮೊಮ್ಮಗನ ಡ್ಯೂಟಿ.

ಜುಮ್ಮೆನ್ನುವುದು ಹೋಯಿತು. ಗುಂಯ್ ಮಾತ್ರ ಮೊದಲಿಗಿಂತ ಜೋರಾಯಿತು! ನನ್ನ ಮುಖ ನೋಡಿ ಚಾಚಾ ನಕ್ಕರು. ಆಂಪ್ ಹಿಂದಿನ ಆರ್‌ಸಿಎ ಪಿನ್ನುಗಳನ್ನು (ಟೀವಿ, ಸಿಡಿ ಪ್ಲೇಯರ್‌ನಿಂದ ಹಾಡು ತರುವ ವೈರಿನ ದುಂಡು ಪಿನ್ನುಗಳು) ಒಂದೊಂದಾಗಿ ಕೀಳುತ್ತಾ ಹೋದರು. ಪ್ರತಿ ಸಲವೂ ಮೊದಲು ಆಂಪ್ ಆಫ್, ಆಮೇಲೆ ಕೀಳುವುದು. ಸಿಡಿ ಪ್ಲೇಯರ್ ಕಿತ್ತರು, ಗುಂಯ್ ಇತ್ತು. ಟೀವಿ ಕಿತ್ತರು, ಶಾಂತ. ಟೀವಿ ಮತ್ತೆ ಹಾಕಿ, ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ಲಿನ ಕಪ್ಪು ವೈರು ಕಿತ್ತರು. ಮತ್ತೆ ಶಾಂತ. ಸಿಕ್ಕಿಬಿತ್ತು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೇಬಲ್ ವೈರಿನ ಹೊರಗಿನ ಜಾಲರಿ ಹೊರಗೆಲ್ಲೋ ಇನ್ನೊಂದು ಕಡೆ ಅರ್ಥ್ ಆಗಿರುತ್ತದೆ. ನಮ್ಮ ಆಂಪ್ ನಮ್ಮ ಹಿತ್ತಲಲ್ಲಿ ಅರ್ಥ್ ಆಗಿದೆ. ಎರಡು ಅರ್ಥ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸಕ್ಕೆ ಟೀವಿಯಿಂದ ಆಂಪ್‌ಗೆ ಹೋಗುವ ವೈರು ಸೇತುವೆ ಆಗುತ್ತದೆ. ಹಾಡು ಹೋಗಬೇಕಾದ ವೈರಿನಲ್ಲಿ ಲೈನಿನ 50 ಹರ್ಟ್ಸ್ ಕೂಡ ಹರಿಯುತ್ತದೆ, ಅದರ ದುಪ್ಪಟ್ಟು 100 ಕೂಡ ಕೇಳುತ್ತದೆ. ತಂಬೂರಿಯ ಶ್ರುತಿಗೆ ಜನ್ಮದಲ್ಲಿ ಸೇರದ ಸದ್ದು. ಆ ಹಳೇ ಎಲೆಕ್ಟ್ರಿಶಿಯನ್ ಅರ್ಥ್ ಕಿತ್ತಾಗ ಸದ್ದು ಇಳಿದದ್ದು ಯಾಕೆ ಅಂತ ಈಗ ಗೊತ್ತಾಯಿತು. ಅವನು ಸೇತುವೆಯ ಒಂದು ದಡ ಕೆಡವಿದ್ದ, ಅದೂ ನಾವು ನಿಂತ ದಡ.

ಚಾಚಾ ಮಾಡಿದ್ದು ಬೇರೆ. ಟೀವಿ ಹಿಂದೆ ಆಪ್ಟಿಕಲ್ ತೂತು ಇತ್ತು. ಅಲ್ಲಿಂದ ಆಪ್ಟಿಕಲ್ ಕೇಬಲ್ ಎಳೆದು, ಬೆಂಕಿಪೊಟ್ಟಣದಷ್ಟು ದೊಡ್ಡ ಬೆಳಕನ್ನು ಮತ್ತೆ ಹಾಡಿನ ಸಿಗ್ನಲ್ ಮಾಡುವ ಒಂದು ಕನ್ವರ್ಟರ್ ಡಬ್ಬಿಗೆ ಕೊಟ್ಟು, ಡಬ್ಬಿಯಿಂದ ಆಂಪ್‌ಗೆ ಆರ್‌ಸಿಎ. ಆಪ್ಟಿಕಲ್ ವೈರಿನಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಸೇತುವೆಯೇ ಇಲ್ಲ. ಡಬ್ಬಿ, ವೈರು ಸೇರಿ 700 ರೂಪಾಯಿ. ಕೆಂಪು ಬೆಳಕು ವೈರಿನ ತುದಿಯಲ್ಲಿ ಮಿನುಗುವುದನ್ನು ಮೊಮ್ಮಗ ಅಂಗೈ ಮೇಲೆ ಬಿಟ್ಟುಕೊಂಡು ನೋಡಿದ.

ಇನ್ನು ಸ್ಪೀಕರ್ ವೈರು. ಬಲಗಡೆ ಸ್ಪೀಕರ್ ದೂರ, ಬಾಗಿಲ ಚೌಕಟ್ಟು ಸುತ್ತಿ ಹೋಗಬೇಕು. ವೈರು 11 ಮೀಟರ್. ಅಲ್ಮೇರಾ ಹಿಂದೆ ಮೂರು ಜಾಯಿಂಟ್, ಬರೀ ತಿರುಚಿ ಟೇಪ್ ಸುತ್ತಿದ್ದು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದಂತೆ ಕೈಗೆ ಹತ್ತಿತು. ಚಾಚಾ ಒಂದು ತುದಿಯ ಎರಡೂ ತಂತಿ ಸೇರಿಸಿ, ಇನ್ನೊಂದು ತುದಿಗೆ ಮೀಟರ್ ಹಿಡಿದರು. 1.2 ಓಮ್. ಮೀಟರಿನ ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿದರೆ 0.3. ಅದನ್ನು ಕಳೆದರೆ 0.9.

ಇಲ್ಲಿ ನನಗೆ ತಡೆಯಲಾಗಲಿಲ್ಲ, ಪೆನ್ನು ತಗೊಂಡೆ. 8 ಓಮ್ ಸ್ಪೀಕರಿಗೆ 0.9 ಓಮ್ ವೈರು. ಒಟ್ಟು 8.9. ಸ್ಪೀಕರಿಗೆ ಸಿಗುವ ವೋಲ್ಟೇಜ್ 8.9ರಲ್ಲಿ 8 ಪಾಲು. ಪವರ್ ಅಂದರೆ ಅದರ ವರ್ಗ. ಸುಮಾರು 0.81. ಅಂದರೆ ಐದರಲ್ಲಿ ಒಂದು ಪಾಲು ಸ್ಪೀಕರ್ ತಲುಪುತ್ತಲೇ ಇರಲಿಲ್ಲ. ಎಡಗಡೆ ಸ್ಪೀಕರಿಗೆ ಎರಡೇ ಮೀಟರ್ ವೈರು, ಅಲ್ಲಿ ಇಷ್ಟು ನಷ್ಟವಿಲ್ಲ. ಕಿವಿಗೆ ಇದು ಭಾರೀ ವ್ಯತ್ಯಾಸ ಏನಲ್ಲ, ಎರಡು ಡೆಸಿಬೆಲ್ಲಿಗೂ ಕಡಿಮೆ. ಆದರೆ ಹಾಡುವವರು ನಡುವೆ ಕೂರದೆ ಸ್ವಲ್ಪ ಎಡಕ್ಕೆ ಸರಿದು ಕೂತಂತೆ ಯಾಕೆ ಕೇಳುತ್ತಿತ್ತು ಅನ್ನುವುದಕ್ಕೆ ಲೆಕ್ಕ ಸಿಕ್ಕಿತು.

ಹಳೆಯದು ಕೂದಲೆಳೆಯಂಥ ಅರ್ಧ ಸ್ಕ್ವೇರ್ ಎಂಎಂ ವೈರು. ಬದಲಿಗೆ 2.5 ಸ್ಕ್ವೇರ್ ಎಂಎಂನ ಎರಡೆಳೆ ತಾಮ್ರದ ವೈರು ಹಾಕಿದರು, ಜಾಯಿಂಟ್ ಇಲ್ಲದ ಒಂದೇ ತುಂಡು. ಮೀಟರಿನಲ್ಲಿ 0.2ರ ಒಳಗೆ ಬಂತು. ಒಂದು ಮೀಟರ್ ಉದ್ದಕ್ಕೆ ಸಾವಿರಾರು ರೂಪಾಯಿಯ ಸ್ಪೀಕರ್ ವೈರು ಮಾರುತ್ತಾರೆ, ಅದು ಬೇಕಾ ಅಂತ ಕೇಳಿದೆ. 'ತಾಮ್ರ ತಾಮ್ರನೇ ರೀ' ಅಂದು ಸುಮ್ಮನಾದರು.

ಎಡಗಡೆಯ ವೈರು ಉಳಿಸಿಕೊಂಡರು, ತುದಿ ಮಾತ್ರ ಕತ್ತರಿಸಿದರು. ಇದನ್ನು ಹತ್ತಿರದಿಂದ ನೋಡಿದೆ. ಹೊರಗೆ ಕಂಡ ಎಳೆಗಳು ಹಸಿರುಗಪ್ಪು. ಒಂದು ಇಂಚು ಕತ್ತರಿಸಿ ಪ್ಲಾಸ್ಟಿಕ್ ಸುಲಿದರೆ ಒಳಗೂ ಕಂದು. ಇನ್ನೊಂದು ಇಂಚು, ಆಗಲೂ ಕಂದು. ಮೂರನೇ ಸಲ ಸುಲಿದಾಗ ಹೊಸ ಒಂದು ರೂಪಾಯಿ... ಅಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚೊಂಬಿನ ಬಣ್ಣ ಬಂತು. ಅಲ್ಲಿಗೆ ನಿಲ್ಲಿಸಿದರು. ತುದಿಗೆ ಸೋಲ್ಡರ್ ಹಾಕುತ್ತಾರೆ ಅಂದುಕೊಂಡೆ, ಹಾಕಲಿಲ್ಲ. ಸೋಲ್ಡರ್ ಮೆತ್ತನೆಯ ಲೋಹ. ಬಿಗಿದಿಟ್ಟರೆ ಒತ್ತಡಕ್ಕೆ ನಿಧಾನವಾಗಿ ಹರಡಿಕೊಂಡು ಹಿಡಿತ ಸಡಿಲವಾಗುತ್ತದಂತೆ. ಸಣ್ಣ ಪಿನ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಟೋಪಿ) ತೊಡಿಸಿ ಒತ್ತಿದರು.

ಜೋಡಿಸುವ ಮೊದಲು ಮನೆಯಲ್ಲಿ ಪೆನ್ಸಿಲ್ ಸೆಲ್ ಇದೆಯಾ ಅಂದರು. ಗಡಿಯಾರದಿಂದ ತೆಗೆದುಕೊಟ್ಟೆ. ಎಡ ಸ್ಪೀಕರಿನ ಕೆಂಪು ವೈರಿಗೆ ಸೆಲ್ಲಿನ ಪ್ಲಸ್, ಕಪ್ಪಿಗೆ ಮೈನಸ್, ಒಂದು ಕ್ಷಣ ತಾಗಿಸಿ ಬಿಟ್ಟರು. 'ಟಕ್' ಅಂತ ಸ್ಪೀಕರಿನ ಕಾಗದ ಹೊರಗೆ ಬಂತು. ಬಲಗಡೆಯದಕ್ಕೆ ಹಾಗೇ ಮಾಡಿದರೆ ಕಾಗದ ಒಳಗೆ ಹೋಯಿತು. ಯಾವತ್ತೋ ಆ ಸ್ಪೀಕರಿನ ಒಳಗೆ ವೈರು ಜೋಡಿಸಿದವನು ಕೆಂಪು ಕಪ್ಪು ಅದಲು ಬದಲು ಮಾಡಿದ್ದ. ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ಒಂದು ಪ್ಲಸ್, ಒಂದು ಮೈನಸ್, ಕೂಡಿದರೆ ಸೊನ್ನೆ. ಹೀಗಾದರೆ ಮೊದಲು ಸಾಯುವುದು ಕೆಳಗಿನ ಸ್ವರಗಳು. ನನ್ನ ಡಗ್ಗಾ ಅಲ್ಲಿ ಹೋಗಿತ್ತು! ಎಷ್ಟು ವರ್ಷ ನನ್ನ ಕಿವಿಯನ್ನು ಬೈದುಕೊಂಡೆನೋ.

ಕೊನೆಗೆ ಆಂಪ್ ಬಿಚ್ಚಿದರು. ಪ್ಲಗ್ ಕಿತ್ತು ಹತ್ತು ನಿಮಿಷ ಸುಮ್ಮನೆ ಬಿಟ್ಟರು. ಆಮೇಲೂ ಮೀಟರ್ ಹಿಡಿದು, ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಕರೆಂಟ್ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಪ್ಲಗ್ ಕಿತ್ತ ಮೇಲೂ ಅವು ಶಾಕ್ ಕೊಡಬಲ್ಲವು. ಒಳಗೆ ಹತ್ತಿಯ ಹಾಸಿಗೆ. ಬ್ರಷ್ಷಿನಿಂದ ತೆಗೆದರೆ ಒಂದು ಮುಷ್ಟಿ ಬಂತು. ವಾಲ್ಯೂಮಿನ ಹತ್ತಿರ ಮೂಗು ಹಿಡಿದು, 'ಇಲ್ಲಿ ಏನ್ ಹಾಕೀರಿ ಮಾಸ್ತರ?' ಅಂದರು. ಹೊಲಿಗೆ ಮಶೀನಿನ ಎಣ್ಣೆ. ಕಳೆದ ವರ್ಷ ಚರಪರ ನಿಲ್ಲಲಿ ಅಂತ ನಾನೇ ನಾಲ್ಕು ಹನಿ ಬಿಟ್ಟಿದ್ದೆ. ಒಂದು ವಾರ ಸರಿ ಇತ್ತು, ಆಮೇಲೆ ಧೂಳು ಎಣ್ಣೆಗೆ ಅಂಟಿ ಮೊದಲಿಗಿಂತ ಕೆಟ್ಟಿತ್ತು. ತಪ್ಪೊಪ್ಪಿಕೊಂಡೆ. ಅವರ ಹತ್ತಿರ ಇದ್ದದ್ದು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಬೇರೆ, ಇದು ಬೇರೆ. ಕೊಳ್ಳುವಾಗ ಡಬ್ಬಿಯ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಅಂತ ಇದೆಯಾ ನೋಡಬೇಕು. ಸಣ್ಣ ಕೊಳವೆಯಿಂದ ಎರಡೇ ಸಲ ಪುಸ್ ಪುಸ್, ಆಮೇಲೆ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸುವ ಕೆಲಸ ನನಗೆ ಕೊಟ್ಟರು.

ಎಡ ಚಾನೆಲ್ ಮಾಯವಾಗುವುದರ ಮೂಲ ಒಂದು ರಿಲೇ, ಅಂದರೆ ಕರೆಂಟಿನಿಂದ ತಾನೇ ಕೂಡಿ ಬಿಡುವ ಸಣ್ಣ ಸ್ವಿಚ್. ಸ್ಪೀಕರ್ ಸುಡದಂತೆ ಕಾಯಲು ಆಂಪ್‌ನಲ್ಲಿ ಇರುತ್ತದೆ, ಸ್ವಿಚ್ ಹಾಕಿದ ಎರಡು ಮೂರು ಸೆಕೆಂಡಿಗೆ 'ಟಿಕ್' ಅನ್ನುತ್ತದಲ್ಲ, ಅದೇ. ಅದರ ತಾಗುವ ಗುಂಡುಗಳ ಮೇಲೆ ಕಪ್ಪು ಪದರ ಕಟ್ಟಿತ್ತು. ಸಣ್ಣ ದನಿಯ ಸಣ್ಣ ವೋಲ್ಟೇಜಿಗೆ ಆ ಪದರ ಗೋಡೆ, ದೊಡ್ಡ ದನಿ ಬಂದರೆ ಗೋಡೆ ಒಡೆದು 'ಟಪ್'. ಉಜ್ಜುವ ಕಾಗದ ಹಾಕಿ ತಿಕ್ಕುವವರಿದ್ದಾರೆ. ಹಾಗೆ ಮಾಡಿದರೆ ಮೇಲಿನ ಒಳ್ಳೆಯ ಲೋಹದ ಲೇಪವೂ ಹೋಗುತ್ತದೆ. ಚಾಚಾ ಒಂದು ದಪ್ಪ ಕಾಗದ ಕೇಳಿದರು. ಮಗನ ಮದುವೆಯ ಕಾರ್ಡ್ ಕೊಟ್ಟೆ. ಬೇಡ, ಹೊಳಪು ಇದೆ ಅಂದರು. ಕಪಾಟಿನಲ್ಲಿ ನನ್ನ ನಿವೃತ್ತಿ ಸಮಾರಂಭದ ಆಮಂತ್ರಣ ಪತ್ರಿಕೆ ಒಂದು ಕಟ್ಟು ಉಳಿದಿತ್ತು, ಹೊಳಪಿಲ್ಲದ ಒರಟು ಕಾಗದ. ಬೆರಳಿಂದ ಸವರಿ ನೋಡಿ ಪಾಸ್ ಮಾಡಿದರು. ಸಣ್ಣ ಪಟ್ಟಿ ಕತ್ತರಿಸಿ, ಸ್ಪ್ರೇಯಲ್ಲಿ ನೆನೆಸಿ, ಎರಡು ಗುಂಡುಗಳ ನಡುವೆ ಇಟ್ಟು ಮೆಲ್ಲಗೆ ಒತ್ತಿ ಎಳೆದರು. ಪಟ್ಟಿಯ ಮೇಲೆ ಕಾಡಿಗೆಯಂಥ ಗೀರು. ಎಂಟನೇ ಪಟ್ಟಿ ಬೆಳ್ಳಗೆ ಬಂತು.

ಹಿಂದಿನ ಆರ್‌ಸಿಎ ಪಿನ್ನುಗಳನ್ನು ಇದ್ದಲ್ಲೇ ನಾಲ್ಕು ಸಲ ತಿರುಗಿಸಿ ಒರೆಸಿದರು. ಒಂದು ಜೊತೆ ಬಂಗಾರದ ಬಣ್ಣದ್ದು, ನಾನು ಹೆಚ್ಚು ದುಡ್ಡು ಕೊಟ್ಟು ತಂದದ್ದು. ಒರೆಸಿದ ಬಟ್ಟೆಗೆ ಬಂಗಾರವೂ ಬಂತು, ಒಳಗೆ ಹಿತ್ತಾಳೆ! ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ನಿಜ, ಹಟ್ಟಿ ಗಣಿ ಇರುವ ಜಿಲ್ಲೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಬಂಗಾರದ ನೀರು ತೋರಿಸಿ ತಂದ ಪಿನ್ನಿಗೆ ಆ ಮಾತು ಹೊಂದುವುದಿಲ್ಲ.

ಎಲ್ಲ ಮುಗಿದ ಮೇಲೂ ಆನ್ ಮಾಡಲು ಬಿಡಲಿಲ್ಲ. ಸ್ಪ್ರೇ ಬೆಂಕಿ ಹತ್ತುವಂಥದ್ದು, ಪೂರ್ತಿ ಆರಬೇಕು ಅಂದರು. ಕಿಟಕಿ ತೆಗೆದಿಟ್ಟು ಒಂದು ತಾಸು ಕಾದೆವು. ಮನೆಯವಳು ಮಂಡಾಳ ಒಗ್ಗರಣಿ, ಮಿರ್ಚಿ ಕೊಟ್ಟಳು. ಆಮೇಲೆ ಹಾಕಿದೆವು. ವಾಲ್ಯೂಮ್ ಅತಿ ಸಣ್ಣ, ಬೆಳಗಿನ ಐದೂವರೆಯ ಅಳತೆ. ಎರಡೂ ಕಡೆ ಬಂತು. ಹಾಡುವವರು ನಟ್ಟನಡುವೆ ಕೂತಿದ್ದರು. ಡಗ್ಗಾದ ಮೇಲೆ ಅಂಗೈ ಜಾರಿಸುವ ಸದ್ದು ಕೇಳಿ ಮನೆಯವಳು ಅಡುಗೆಮನೆಯಿಂದ ಬಂದು ನಿಂತಳು. ಏಸಿ ವಿಷಯ ಆ ದಿನ ಬರಲಿಲ್ಲ.

ದುಡ್ಡಿನ ಲೆಕ್ಕ: ಅವರ ಕೂಲಿ 600, ವೈರು 12 ಮೀಟರ್‌ಗೆ 1,080, ಎಕ್ಸ್‌ಟೆನ್ಷನ್ ಬಾಕ್ಸ್ 350, ಕನ್ವರ್ಟರ್ 700. ಒಟ್ಟು 2,730. ಲಗ್ಗು, ಕ್ಲ್ಯಾಂಪಿಗೆ ದುಡ್ಡು ತಗೊಳ್ಳಲಿಲ್ಲ. ನಾಲ್ಕೂವರೆ ತಾಸಿನ ಕೆಲಸಕ್ಕೆ 600 ಕಡಿಮೆಯೇ ಆಯಿತು, ಜಾಸ್ತಿ ಕೊಡಲು ಹೋದರೆ ಬೈದರು.

ಮಾಸ್ತರನ ಅಭ್ಯಾಸ, ಮಾರ್ಕ್ಸ್ ಕೊಡದೆ ಬಿಡಲಾರೆ. 100ಕ್ಕೆ 82. ಮೂರು ದಿನ ತಡಕ್ಕೆ 8 ಕಡಿತ. ಬಿಲ್ ಕೊಡದ್ದಕ್ಕೆ 5. ಕತ್ತರಿಸಿದ ವೈರಿನ ಎಳೆಗಳನ್ನು ನೆಲದ ಮೇಲೇ ಬಿಟ್ಟು ಹೋದದ್ದಕ್ಕೆ 5. ಒಂದು ಎಳೆ ರಾತ್ರಿ ನನ್ನ ಹಿಮ್ಮಡಿಗೆ ಚುಚ್ಚಿತು. ಕಿವಿ ಹತ್ತಿರ ಪೆನ್ಸಿಲ್ ಇಟ್ಟುಕೊಂಡು ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ ಹೋದರಲ್ಲ, ಆ ಸ್ಟೆಪ್ಸ್‌ಗೆ ಪೂರ್ತಿ ಮಾರ್ಕ್ಸ್.

ಕರೆಸುವವರಿಗೆ ಎರಡು ಮಾತು. ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ನಾಲ್ಕರ ಮೇಲೆ ಹೋಗಿ. ಫೋನಿನಲ್ಲಿ ಮಾತಾಡಿ ಪ್ರಯೋಜನವಿಲ್ಲ, ಎದುರಿಗೆ ನಿಂತರೆ ಬರುತ್ತಾರೆ. ಆಂಪ್ ಹಿಂಭಾಗದ ಫೋಟೋ ಒಂದು ತೆಗೆದುಕೊಂಡು ಹೋಗಿ.

ಇದೆಲ್ಲ ಆದದ್ದು ಹೋದ ಮೇ ತಿಂಗಳಲ್ಲಿ. ಕಾಗದದಿಂದ ಒರೆಸಿದ ರಿಲೇ ಒಂದು ವರ್ಷ ನಡೆದರೆ ದೊಡ್ಡದು ಅಂತ ಅವತ್ತೇ ಹೇಳಿದ್ದರು. ಹತ್ತು ತಿಂಗಳಿಗೆ ಎಡಗಡೆ ಮತ್ತೆ ಒಂದೆರಡು ಬೆಳಗು ತಡವರಿಸಿತು. ಹೈದರಾಬಾದಿನ ಕೋಠಿ, ಗುಜರಾತಿ ಗಲ್ಲಿಯಿಂದ ತರಿಸಿದ ಹೊಸ ರಿಲೇ ಹಿಡಿದುಕೊಂಡು ಬಂದರು, ಈ ಸಲ ಒಂದೇ ದಿನ ತಡ. ರಿಲೇ 140, ಕೂಲಿ 200. ಬಿಲ್ ಬೇಕೇ ಬೇಕು ಅಂತ ಹಟ ಹಿಡಿದೆ. ಸುತ್ತಲೂ ನೋಡಿದರು. ಹೋದ ವರ್ಷ ಕತ್ತರಿಸಿ ಉಳಿದಿದ್ದ ನನ್ನ ನಿವೃತ್ತಿ ಕಾರ್ಡಿನ ತುಂಡು ಇನ್ನೂ ಸ್ಪೀಕರ್ ಮೇಲೇ ಇತ್ತು. ಅದರ ಹಿಂದೆ ಉರ್ದುವಿನಲ್ಲಿ ಏನೋ ಬರೆದು, ಕೆಳಗೆ ಕನ್ನಡ ಅಂಕಿಯಲ್ಲಿ ೩೪೦ ಅಂತ ಹಾಕಿ ಕೊಟ್ಟರು.